ಮರಳುಗಾಡಿನಲ್ಲಿ ಶುಕ್ರವಾರದ ಹೊಗೆ

ನಾನು ಒಂದಕ್ಕೆ ಹತ್ತು ಸೇರಿಸುವವಳೇ. ಆದರೆ ಇದಕ್ಕೆ ಏನೂ ಸೇರಿಸಿಲ್ಲ.

ನನ್ನ ಮಗಳು ನಿಸರ್ಗಾ ಕಾರ್ಕ್ ಎಂಬ ವಿದೇಶಿ ಊರಿನ ಮನೆಯಲ್ಲೇ ಕೂತು, ನರಪಿಳ್ಳೆಯೂ ಇಲ್ಲದ ಯಾವುದೋ ಮರಳುಗಾಡಿನ ಗಾಳಿಯನ್ನು ಲ್ಯಾಪ್‌ಟಾಪಿನಲ್ಲಿ ಕಾಯುತ್ತಾಳೆ. ಅಲ್ಲಿನ ಯಂತ್ರ ಧೂಳು, ಹೊಗೆ ಅಳೆಯುತ್ತದೆ; ದೂರದ ಗುಡ್ಡ ಎಷ್ಟು ಕಾಣುತ್ತದೆಂದು ಕ್ಯಾಮೆರಾ ತೋರಿಸುತ್ತದೆ. ನಾನು ಅವಳ ಮನೆಗೆ ಬಂದ ಮೇಲೆ ಮೂರು ಶುಕ್ರವಾರವೂ, ಸಂಜೆ ಆರಕ್ಕೆ ಹಿತ್ತಲಲ್ಲಿ ಸಾಂಬ್ರಾಣಿ ಹಾಕಿದ ಗಳಿಗೆಗೇ ಅಲ್ಲಿ ಹೊಗೆ ಏರಿ ಗುಡ್ಡ ಮಾಯವಾಯಿತು.

"ಅಮ್ಮಾ, ನಿಜ ಹೇಳು, ನನ್ನ ಲ್ಯಾಪ್‌ಟಾಪ್ ಮುಟ್ಟಿದ್ಯಾ? ನಂಬರ್ ತಿದ್ದಿದ್ದು ನಾನೇ ಅಂತ ಆಫೀಸಲ್ಲಿ ಅನುಮಾನ. ಕೆಲಸ ಹೋಗುತ್ತೆ."

"ನಂಗೆ ಟಿವಿ ಹಾಕೋಕೇ ಬರಲ್ಲ. ಸಾಂಬ್ರಾಣಿ ವೀಸಾ ಇಲ್ದೆ ಅಲ್ಲಿಗೆ ಹೋಯ್ತೇನೇ?" ಎಂದೆ. ಅವಳು ನಗಲಿಲ್ಲ.

ನಾಲ್ಕನೇ ಶುಕ್ರವಾರ ಸಾಂಬ್ರಾಣಿ ಡಬ್ಬಿಯನ್ನು ಅವಳೇ ಕಾರಿನಲ್ಲಿಟ್ಟು ಬೀಗ ಹಾಕಿದಳು. ಇಬ್ಬರೂ ಲ್ಯಾಪ್‌ಟಾಪ್ ಮುಟ್ಟದೆ ಕೈಕಟ್ಟಿ ಕೂತೆವು. ಸರಿಯಾಗಿ ಆರಕ್ಕೆ ಗುಡ್ಡ ಮಸುಕಾಯಿತು.

"ನೋಡ್ದ್ಯಾ, ನಾನಲ್ಲ," ಎಂದೆ.

ಆಗ ನಮ್ಮ ತಲೆಯ ಮೇಲಿನ ಸ್ಮೋಕ್ ಅಲಾರಂ ಕೂಗತೊಡಗಿತು. ಮನೆಯಲ್ಲಿ ಹೊಗೆಯ ಎಳೆಯೂ ಇರಲಿಲ್ಲ. ನಿಸರ್ಗಾ ಕುರ್ಚಿ ಹತ್ತಿ ಬ್ಯಾಟರಿ ಕಿತ್ತಳು. ಆದರೂ ಅಲ್ಲಿ ಗುಡ್ಡ ಮತ್ತೆ ಕಾಣುವವರೆಗೂ ಅಲಾರಂ ಕೂಗುತ್ತಲೇ ಇತ್ತು.

ಆಫೀಸಿಗೆ ಕೊಡಬೇಕಾದ ಉತ್ತರವನ್ನು ಅವಳು ಇನ್ನೂ ಬರೆದಿಲ್ಲ.