ಹಂಸಳ ಕಂಪ್ಯೂಟರ್

“ಅದರ ಮುಂದೆ ಹಾಡಬೇಡಮ್ಮ. ಅದಕ್ಕೆ ಬಾಯಿ ಕಟ್ಟಿಸಿದೀವಿ,” ಎಂದರು ಗೋದಮ್ಮ.

ಸೊಸೆ ಶರ್ವಾಣಿ ನಕ್ಕಳು. “ಕಂಪ್ಯೂಟರಿಗೆ ಬಾಯೆಲ್ಲಿದೆ ಅತ್ತೆ? ಮೈಕ್ ಕೆಟ್ಟಿರಬೇಕು ಅಷ್ಟೆ.”

ಎರಡು ಸಾವಿರದ ನಾಲ್ಕರ ಬೇಸಿಗೆ. ಅವಳು ಮದುವೆಯಾಗಿ ಮೇಲೂರಿಗೆ ಬಂದು ತಿಂಗಳೂ ತುಂಬಿರಲಿಲ್ಲ. ಹಾಡಿನ ಸ್ಪರ್ಧೆಯೊಂದಕ್ಕೆ ಸಿ.ಡಿ. ಕಳಿಸಬೇಕಿತ್ತು. ಒಳಕೋಣೆಯ ಹಳೆಯ ಕಂಪ್ಯೂಟರು ತೀರಿಕೊಂಡ ನಾದಿನಿ ಹಂಸಳದು. ಹಂಸ ಸೊಗಸಾಗಿ ಹಾಡುತ್ತಿದ್ದಳಂತೆ. ಆಗದವರು ಮಾಟ ಮಾಡಿಸಿದರಂತೆ. ಆ ಮೈಕಿನ ಮುಂದೆಯೇ ಯಾವುದೋ ಕರೆಗೆ ಓಗೊಟ್ಟು ದನಿ ಹೋಗಿ, ಸೊರಗಿ ಸತ್ತಳಂತೆ. ಶರ್ವಾಣಿ ಈ ಅಂತೆಕಂತೆಗಳನ್ನು ನಂಬಲಿಲ್ಲ. ಮಗಳ ಜಾಗದಲ್ಲಿ ಸೊಸೆ ಹಾಡುವುದು ಅತ್ತೆಗೆ ಸೇರದು, ಅಷ್ಟೇ ಎಂದುಕೊಂಡಳು.

ಮಧ್ಯಾಹ್ನ ಗೋದಮ್ಮ ಮಲಗಿದಾಗ ಬಾಗಿಲು ಮುಂದಕ್ಕೆ ಹಾಕಿಕೊಂಡು ಕೂತಳು. ಮೈಕನ್ನು ಕಿತ್ತು ಗುಲಾಬಿ ಬಣ್ಣದ ತೂತಿಗೇ ಮತ್ತೆ ಚುಚ್ಚಿದಳು. ಮ್ಯೂಟ್ ತೆಗೆದಳು. ರೆಕಾರ್ಡಿಂಗ್ ಪಟ್ಟಿಯಲ್ಲಿ ಮೈಕ್ರೊಫೋನನ್ನೇ ಆರಿಸಿದಳು. ಹಾಡಿದಳು. ಪರದೆಯ ಹಸಿರು ಗೆರೆ ಮಿಸುಕಲಿಲ್ಲ.

ಯಾರೋ ಬೇಕೆಂದೇ ಕೆಡಿಸಿದ್ದಾರೆ. ಅನುಮಾನ ಮುಳ್ಳಿನಂತೆ ಚುಚ್ಚಿತು. ಕಂಪ್ಯೂಟರ್ ಆರಿಸಿ, ಡಬ್ಬದ ತಿರುಪು ಬಿಚ್ಚಿದಳು. ಸುಟ್ಟ ಕೂದಲಿನ ಕಮಟು ಮುಖಕ್ಕೆ ಹೊಡೆಯಿತು. ಸೌಂಡ್ ಕಾರ್ಡಿನ ಸುತ್ತ ಕರಿದಾರ. ದಾರದಲ್ಲಿ ತಾಮ್ರದ ತಗಡು, ಒಂದು ಎಳೆ ನರೆಗೂದಲು.

ನರೆಗೂದಲು ಅತ್ತೆಯದೇ. ತನ್ನ ಹಾಡು ನಿಲ್ಲಿಸಲು ಇಷ್ಟು ಮಾಡಿದರೇ?

ಕತ್ತರಿ ತಂದು ದಾರ ಕತ್ತರಿಸಿದಳು. ಮತ್ತೆ ಕಂಪ್ಯೂಟರ್ ಹಚ್ಚಿ ಒಂದು ಸಾಲು ಹಾಡಿದಳು. ಹಸಿರು ಗೆರೆ ಹಾವಿನಂತೆ ಹೊರಳಿತು. ಗೆದ್ದೆ ಎಂದುಕೊಂಡು ಹಾಡನ್ನು ಕೇಳಲು ಕೂತಳು.

ಅವಳ ಹಾಡು ಅದರಲ್ಲಿರಲಿಲ್ಲ. ಉಸಿರಿತ್ತು. ಒದ್ದೆ ಉಸಿರು. ಬೀದಿಯ ರೇಷ್ಮೆ ರಾಟೆಗಳ ಸದ್ದು ಎಲ್ಲೋ ಅಡಗಿತು.

“ಅತ್ತಿಗೇ...”

ಎಳೆಯ ಹೆಣ್ಣುದನಿ. ಶರ್ವಾಣಿ ವೈರು ಕಿತ್ತಳು. ಪರದೆ ಆರಿತು. ದನಿ ಆರಲಿಲ್ಲ.

“ಅತ್ತಿಗೇ...”

ಗಂಟಲು ತಾನಾಗಿ ಮಿಡಿಯಿತು. ನಾಲಗೆ ಎದ್ದಿತು. ತಡೆಯಲಾಗಲಿಲ್ಲ. ತುಟಿ ತೆರೆಯಿತು.

ಹಿಂದಿನಿಂದ ಒಂದು ಅಂಗೈ ಅವಳ ಬಾಯನ್ನು ಬಿಗಿಯಾಗಿ ಮುಚ್ಚಿತು. ಗೋದಮ್ಮ.

“ಓ...” ಎಂದರು ಅವರು, ಸೊಸೆಯ ಬದಲಿಗೆ. “ನಾನಿದೀನಿ ಕಣಮ್ಮ, ಹಂಸ.”

ಉಸಿರು ನಿಂತಿತು. ರಾಟೆಗಳ ಸದ್ದು ಮರಳಿತು. ಗೋದಮ್ಮ ಸೊಸೆಯ ಕೆನ್ನೆ ಸವರಿ ಏನೋ ಹೇಳಹೋದರು. ತುಟಿ ಆಡಿತು. ದನಿ ಬರಲಿಲ್ಲ. ಶರ್ವಾಣಿ ಚೀರಿದಳು.

ಗಂಟಲಲ್ಲಿ ಏನೂ ದೋಷವಿಲ್ಲ ಎಂದರು ಶಿಡ್ಲಘಟ್ಟದ ಡಾಕ್ಟರು. ಆದರೆ ಆ ಮಧ್ಯಾಹ್ನ ಶರ್ವಾಣಿಯ ಚೀರು ಕೇಳಿ ಮೊದಲು ಓಡಿಬಂದವಳು ಪಕ್ಕದ ಮನೆಯ ಚಿಕ್ಕವೆಂಕಟಮ್ಮ. ಸೊಸೆಯ ಮುಂದಿದ್ದ ಕತ್ತರಿ, ಕಾಲ ಬಳಿಯ ತಾಮ್ರದ ತಗಡು, ಕರಿದಾರ, ಅತ್ತೆಯ ಕೂದಲು, ಎಲ್ಲವನ್ನೂ ಅವಳು ನೋಡಿದ್ದಳು.

“ಸೊಸೆ ಕಾಲಿಟ್ಟಳು, ಅತ್ತೆ ಬಾಯಿ ಬಿದ್ದೋಯ್ತು,” ಎಂದಳು ಬೀದಿಯಲ್ಲಿ.

ಗೋದಮ್ಮ ಇಲ್ಲ ಇಲ್ಲವೆಂದು ತಲೆಯಾಡಿಸಿದರು, ಕೈಮುಗಿದರು, ಶರ್ವಾಣಿಯನ್ನು ಎದೆಗೆ ಒತ್ತಿಕೊಂಡರು.

“ನೋಡ್ರಮ್ಮ, ಹೆಂಗೆ ವಶ ಮಾಡ್ಕೊಂಡವಳೆ,” ಎಂದಿತು ಬೀದಿ.

ಅಂದಿನಿಂದ ಶರ್ವಾಣಿ ಬೆರೆಸಿ ಕೊಟ್ಟ ಕಾಫಿಯನ್ನು ಗಂಡ ಗಣೇಶ್ ಪ್ರಸಾದ್ ಕುಡಿಯಲಿಲ್ಲ.