ಒಗೆದರೂ ಹೋಗದ ಪರಿಮಳ

ಆಕಾಶ ಈಗಿನದಕ್ಕಿಂತ ಒಂದು ಗೇಣು ಕೆಳಗಿದ್ದ ಕಾಲದಲ್ಲಿ ಕೇದಗೆಪುರ ಎಂಬ ರಾಜ್ಯವಿತ್ತು. ಅದನ್ನು ಇಂದುಧರ ಎಂಬ ತರುಣ ರಾಜ ಆಳುತ್ತಿದ್ದ. ಅರಮನೆಯ ಬಟ್ಟೆ ಒಗೆಯುತ್ತಿದ್ದವಳು ಮಾಚವ್ವ.

ಹತ್ತು ವರ್ಷ ಬಟ್ಟೆಗಂಟು ಹೊತ್ತು ಹೊಳೆಗಿಳಿದ ಮಾಚವ್ವನಿಗೆ ಯಾವ ಬಟ್ಟೆಗೂ ಗುರುತು ಹಾಕಬೇಕಾಗಿರಲಿಲ್ಲ. ಮೂಸಿದರೆ ಸಾಕು, "ಇದು ಮಂತ್ರಿಗಳದು, ಇದು ಮಾವುತನದು" ಎಂದು ವಿಂಗಡಿಸುತ್ತಿದ್ದಳು. ರಾಜನ ಅಂಗಿಯಲ್ಲಿ ದವನದ ವಾಸನೆ ಇರುತ್ತಿತ್ತು, ಏಕೆಂದರೆ ದವನದ ಮಡಿಗೆ ಅವನೇ ನೀರು ಹಾಕುತ್ತಿದ್ದ. ಹಳೆಯ ಓಲೆಗರಿಯ ವಾಸನೆಯೂ ಇರುತ್ತಿತ್ತು, ಏಕೆಂದರೆ ಓದುತ್ತ ಓದುತ್ತ ಗ್ರಂಥದ ಮೇಲೆಯೇ ನಿದ್ದೆ ಹೋಗುತ್ತಿದ್ದ. ಇನ್ನೂ ಒಂದು ವಾಸನೆ ಇತ್ತು. ಅದಕ್ಕೆ ಹೆಸರಿರಲಿಲ್ಲ.

ಒಮ್ಮೆ ರಾಜ ಬೇಟೆಗೆ ಹೋದ. ಮರಳುವಾಗ ಸರಪಳಿ ಬಿಗಿದ ದೊಡ್ಡ ಕರಡಿಯೊಂದನ್ನು ಎಳೆದುಕೊಂಡು ಬಂದ. ಬಂದವನೇ ಡಂಗುರ ಹೊಡೆಸಿದ: "ಇಂದಿನಿಂದ ಎಲ್ಲರೂ ಅರಮನೆಯ ಅತ್ತರನ್ನೇ ಹಚ್ಚಿಕೊಳ್ಳಬೇಕು. ಬರುವ ಹುಣ್ಣಿಮೆಯ ಬೆಳಿಗ್ಗೆ ಈ ಕರಡಿಯನ್ನು ಕೊಲ್ಲುತ್ತೇನೆ, ಎಲ್ಲರೂ ಬಂದು ನೋಡಬೇಕು."

ಊರಿಗೆ ಊರೇ ಒಂದೇ ವಾಸನೆಯಾಯಿತು. ಕರು ತನ್ನ ಒಡತಿಯನ್ನೇ ಕಂಡು ಬೆದರಿ ಓಡಿತು. ಹಾಲು ಕುಡಿಯುವ ಕೂಸು ತಾಯಿಯ ಮಡಿಲಲ್ಲೇ ಅಮ್ಮ ಬೇಕೆಂದು ಅತ್ತಿತು.

ಮಾಚವ್ವ ರಾಜನ ಅಂಗಿಯನ್ನು ಹೊಳೆಯಲ್ಲಿ ಹಿಂಡಿ ಮೂಸಿದಳು. ಅತ್ತರು ಹೋಗಿತ್ತು. ಅದರ ಕೆಳಗೆ ಏನೂ ಇರಲಿಲ್ಲ. ಗಂಟು ಹೊತ್ತು ಅಂಗಳ ದಾಟುವಾಗ ಕರಡಿ ಕೈಚಾಚಿ ರಾಜನ ಹಳೆಯ ಶಲ್ಯವೊಂದನ್ನು ಎಳೆದುಕೊಂಡಿತು. ಅದನ್ನು ಮುಖಕ್ಕೆ ಒತ್ತಿಕೊಂಡು ಮನುಷ್ಯರ ಹಾಗೆ ಅತ್ತಿತು.

ಅವಳು ನೇರವಾಗಿ ಅತ್ತರು ಕಾಯಿಸುವ ಮುದುಕ ಸೋಮಯ್ಯನ ಮನೆಗೆ ಹೋದಳು. ವಾಸನೆಯಿಲ್ಲದ ಅಂಗಿಯ ಮಾತು, ಕರಡಿಯ ಅಳು ಎಲ್ಲ ಹೇಳಿದ್ದೇ ತಡ, ಮುದುಕ ತಲೆ ತಗ್ಗಿಸಿದ.

"ಈಗ ರಾಜನ ಮುಖ ಹೊತ್ತಿರುವವನು ಧೂಮಕ ಎಂಬ ಮಾಂತ್ರಿಕ, ಮಗಳೇ. ವ್ಯಾಪಾರಿಯ ವೇಷದಲ್ಲಿ ಬಂದು ನನ್ನಿಂದ ಪರಿಮಳ ಹಿಡಿದಿಡುವ ಮೂರು ಕುಪ್ಪಿ ಮಾಡಿಸಿಕೊಂಡ. ಆಗ ನನಗೆ ತಿಳಿಯಲಿಲ್ಲ. ಒಬ್ಬ ಮನುಷ್ಯನ ಪರಿಮಳವನ್ನು ಮೂರು ಪಾಲು ಮಾಡಿ ಬಚ್ಚಿಟ್ಟರೆ ಅವನು ಮೃಗವಾಗುತ್ತಾನೆ. ಅಂಗಳದ ಆ ಕರಡಿಯೇ ನಮ್ಮ ರಾಜ."

"ಎಲ್ಲಿಟ್ಟಿದ್ದಾನೆ, ತಾತ?"

"ಕುಪ್ಪಿ ಒಯ್ಯುವಾಗ ಅವನೇ ಗೊಣಗಿಕೊಂಡಿದ್ದ: ಬಿದಿರುಕಾಡಿನ ಹುಲಿಯ ಬಳಿ ಒಂದು, ಪಾಳುಕೊಳದ ಹಾವಿನ ಬಳಿ ಒಂದು, ಕರಿಬೆಟ್ಟದ ಗುಹೆಯಲ್ಲಿ ಒಂದು. ಮೂರನ್ನೂ ಕೂಡಿಸಿ ಹಚ್ಚಿದರೆ ರಾಜ ರಾಜನಾಗುತ್ತಾನೆ. ಆದರೆ ಹೋದವರು ಯಾರೂ ಮರಳಿಲ್ಲವಂತೆ."

"ಬಟ್ಟೆ ಕೊಟ್ಟವರಿಗೆ ಬಟ್ಟೆ ಮರಳಿಸಿ ಅಭ್ಯಾಸ ನನಗೆ. ಇದನ್ನೂ ಮರಳಿಸುತ್ತೇನೆ" ಎಂದು ಮಾಚವ್ವ ಸೆರಗು ಬಿಗಿದು ಹೊರಟಳು.

ಒಂದು ದಿನ ನಡೆದಳು, ಎರಡು ದಿನ ನಡೆದಳು, ಮೂರನೆಯ ದಿನ ಬಿದಿರುಕಾಡು ಬಂತು. ಅಲ್ಲಿ ಕುರುಡು ಹುಲಿಯೊಂದು ಕುಪ್ಪಿಯ ಮೇಲೆ ಪಂಜ ಊರಿ ಕೂತಿತ್ತು. "ಹತ್ತಿರ ಬಾ. ವಾಸನೆ ಹಿಡಿದು ನೋಡುತ್ತೇನೆ. ನನ್ನ ಒಡೆಯನಲ್ಲದಿದ್ದರೆ ತಿನ್ನುತ್ತೇನೆ" ಎಂದಿತು. ಮಾಚವ್ವ ಹತ್ತಿರ ಹೋದಳು. ಅವಳ ಮೈಮೇಲೆಲ್ಲ ಅರಮನೆಯ ಅತ್ತರಿತ್ತು, ಧೂಮಕನ ಮೈಮೇಲಿದ್ದ ಅದೇ ಅತ್ತರು. ಹುಲಿ ಮೂಸಿ, "ಒಡೆಯರೇ, ನೀವಾ" ಎಂದು ಪಂಜ ತೆಗೆಯಿತು. ಕುಪ್ಪಿಯೊಳಗೆ ದವನವಿತ್ತು.

ಮತ್ತೆ ಒಂದು ದಿನ ನಡೆದಳು, ಎರಡು ದಿನ ನಡೆದಳು, ಮೂರನೆಯ ದಿನ ನೀರು ಬತ್ತಿದ ಪಾಳುಕೊಳ ಬಂತು. ಕುಪ್ಪಿಗೆ ಸುತ್ತಿಕೊಂಡಿದ್ದ ಹಾವು ಬುಸುಗುಟ್ಟಿತು. ಅದರ ಹಳೆಯ ಪೊರೆ ಅರ್ಧ ಕಳಚಿ, ಅರ್ಧ ಮೈಗೆ ಅಂಟಿ, ಕಣ್ಣನ್ನೂ ಮುಚ್ಚಿತ್ತು.

"ಎಷ್ಟು ದಿನದಿಂದ ಹೀಗಿದ್ದೀಯ?" ಎಂದಳು ಮಾಚವ್ವ.

"ಏಳು ವರ್ಷದಿಂದ. ಒಂದಲ್ಲ ಒಂದು ಕುಪ್ಪಿಯ ಕಾವಲು ಇದ್ದೇ ಇರುತ್ತದೆ, ಬಿಟ್ಟು ನೀರಿಗೆ ಹೋಗಲು ಅಪ್ಪಣೆಯಿಲ್ಲ."

"ಹಾಗಾದರೆ ನೀರನ್ನೇ ತರುತ್ತೇನೆ."

ಸೆರಗು ಹರಿದು, ಆಚೆಯ ಹಳ್ಳದ ನೀರಿನಲ್ಲಿ ನೆನೆಸಿ ತಂದು, ಹಾವಿನ ಮೈಗೆ ಸುತ್ತಿದಳು. ರೇಷ್ಮೆಯ ಕಲೆ ಬಿಡಿಸುವ ಬೆರಳುಗಳಿಂದ ಪೊರೆಯನ್ನು ಎಳೆಎಳೆಯಾಗಿ ಬಿಡಿಸಿದಳು. ಹಾವು ಹೊಳೆಹೊಳೆಯುತ್ತ ಹೊರಬಂದು, ಬಾಲದಿಂದ ಕುಪ್ಪಿಯನ್ನು ಅವಳತ್ತ ಉರುಳಿಸಿತು. ಅದರೊಳಗೆ ಓಲೆಗರಿಯ ವಾಸನೆಯಿತ್ತು.

ಮತ್ತೆ ಒಂದು ದಿನ ನಡೆದಳು, ಎರಡು ದಿನ ನಡೆದಳು, ಮೂರನೆಯ ದಿನ ಕರಿಬೆಟ್ಟದ ಗುಹೆ ಬಂತು. ಬಾಗಿಲಲ್ಲಿದ್ದ ಕಲ್ಲಿನ ಗೂಬೆ ಮಾತಾಡಿತು: "ಒಳಗೆ ಸಾವಿರ ಕುಪ್ಪಿಗಳಿವೆ. ಒಂದನ್ನೇ ಎತ್ತಿಕೋ. ತಪ್ಪಿದರೆ ಕಲ್ಲಾಗುತ್ತೀಯ."

ಒಳಗೆ ಕಲ್ಲಾದವರು ಸಾಲಾಗಿ ನಿಂತಿದ್ದರು. ಒಬ್ಬನ ಕೈ ಕಸ್ತೂರಿಯ ಕುಪ್ಪಿಯತ್ತ ಚಾಚಿತ್ತು, ಇನ್ನೊಬ್ಬನದು ಸಂಪಿಗೆಯ ಕುಪ್ಪಿಯತ್ತ. ಧೂಮಕ ಮೃಗ ಮಾಡಿದ ತಮ್ಮವರನ್ನು ಬಿಡಿಸಲು ಬಂದು, ಹೆಸರಾದ ಪರಿಮಳವೇ ಅವರದಿರಬೇಕೆಂದು ಎಣಿಸಿದ್ದರು. ಮಾಚವ್ವ ಒಂದೊಂದೇ ಕುಪ್ಪಿಗೆ ಮೂಗೊಡ್ಡುತ್ತ ನಡೆದಳು. ಪುನುಗು, ಜವಾಜಿ, ಗುಲಾಬಿ, ಲಾವಂಚ. ತಲೆ ತಿರುಗಿತು. ಹೊರಗೆ ಬಂದು ಗಾಳಿ ಕುಡಿದು ಮತ್ತೆ ಹೋದಳು.

ಮೂಲೆಯಲ್ಲಿದ್ದ ಸಣ್ಣ ಕುಪ್ಪಿಯ ಬಳಿ ಅವಳ ಕಾಲು ತಾನೇ ನಿಂತಿತು. ಅದು ಹೂವಿನದಲ್ಲ, ಮರದ್ದಲ್ಲ. ಚೌಳುಮಣ್ಣಿನ ನೀರಿನಲ್ಲಿ ಬೇಯಿಸಿ, ಕಲ್ಲಿಗೆ ಬಡಿದು, ಬಿಸಿಲಿಗೆ ಹಾಕಿದ ಮೇಲೂ ರಾಜನ ಅಂಗಿಯ ಕೊರಳಪಟ್ಟಿಯಲ್ಲಿ ಉಳಿದುಬಿಡುತ್ತಿದ್ದ ವಾಸನೆ. ಹತ್ತು ವರ್ಷ ಅದನ್ನು ತೆಗೆಯಲು ಒದ್ದಾಡಿ ಸೋತಿದ್ದಳು. "ನೀನಾ" ಎಂದು ನಕ್ಕು ಎತ್ತಿಕೊಂಡಳು. ಅವಳು ಕಲ್ಲಾಗಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಅರಮನೆಯ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಧೂಮಕ ಈಟಿ ಎತ್ತಿದ್ದ. ಮಾಚವ್ವ ಜನರನ್ನು ಸರಿಸಿ ನುಗ್ಗಿ, ಮೂರು ಕುಪ್ಪಿಗಳನ್ನೂ ಕೂಡಿಸಿ ಕರಡಿಯ ತಲೆಯ ಮೇಲೆ ಸುರಿದಳು. ಕರಡಿಯ ತೊಗಲು ಕಳಚಿ ಬಿತ್ತು. ಬೇಟೆಯ ಉಡುಪಿನಲ್ಲಿ ಇಂದುಧರ ಎದ್ದು ನಿಂತ.

"ಇವನು ಮಾಂತ್ರಿಕ, ನನ್ನ ಮುಖ ಕದ್ದಿದ್ದಾನೆ. ಹಿಡಿಯಿರಿ" ಎಂದ ಧೂಮಕ. ಒಂದೇ ಮುಖದ ಇಬ್ಬರನ್ನು ಕಂಡು ಸೈನಿಕರು ಕಂಗಾಲಾದರು.

ಮಾಚವ್ವ ಉಪ್ಪರಿಗೆಯಿಂದ ಇಳಿದು ಬಂದಿದ್ದ ರಾಜಮಾತೆಯ ಎದುರು ಕೈಮುಗಿದಳು. "ಅಮ್ಮನವರೇ, ಇಬ್ಬರ ತಲೆಯನ್ನೂ ನಾನು ಅಂಟುವಾಳದ ನೀರಿನಲ್ಲಿ ತೊಳೆಯುತ್ತೇನೆ. ನೀವು ನೆತ್ತಿ ಮೂಸಿ ಹೇಳಿ."

ಅಷ್ಟು ಜನರ ಮುಂದೆ ಒಲ್ಲೆನೆನ್ನಲು ಧೂಮಕನಿಗೆ ಆಗಲಿಲ್ಲ. ಮಾಚವ್ವ ಇಬ್ಬರ ತಲೆಯನ್ನೂ ಉಜ್ಜಿ ತೊಳೆದಳು. ರಾಜಮಾತೆ ಮೊದಲು ಇಂದುಧರನ ನೆತ್ತಿ ಮೂಸಿದಳು. ಅವಳ ಕಣ್ಣು ತುಂಬಿ ಬಂತು. "ಇವನು ಹುಟ್ಟಿದ ದಿನ ನನ್ನ ಎದೆಯ ಮೇಲೆ ಮಲಗಿಸಿದಾಗ ಇದೇ ಪರಿಮಳವಿತ್ತು" ಎಂದಳು. ಆಮೇಲೆ ಇನ್ನೊಬ್ಬನ ನೆತ್ತಿಗೆ ಮುಖ ತಂದಳು. ಬಹಳ ಹೊತ್ತು ಹುಡುಕಿದಳು.

"ಇಲ್ಲಿ ಯಾರೂ ಇಲ್ಲ" ಎಂದಳು.

ಆ ಮಾತು ಮುಗಿಯುವಷ್ಟರಲ್ಲಿ ಧೂಮಕ ಹೊಗೆಯಾಗಿ ಗಾಳಿಯಲ್ಲಿ ಚದುರಿಹೋದ. ಅತ್ತ ಕರಿಬೆಟ್ಟದಲ್ಲಿ ಸಾವಿರ ಕುಪ್ಪಿಗಳು ಒಟ್ಟಿಗೆ ಒಡೆದವು. ಕಲ್ಲಾದವರು ಮೈಮುರಿದು ಎದ್ದರು. ಹುಲಿ, ಹಾವುಗಳಾಗಿದ್ದವರು ಮನುಷ್ಯರಾಗಿ ತಮ್ಮ ಊರಿನ ದಾರಿ ಹಿಡಿದರು. ಜನ ಅತ್ತರಿನ ಕೊಪ್ಪರಿಗೆಯನ್ನು ಬೀದಿಯಲ್ಲಿ ಬೋರಲು ಹಾಕಿ, ಹೊಳೆಗೆ ಓಡಿ ಮಿಂದು, ಮನೆಗೆ ಬಂದು ಮಕ್ಕಳನ್ನು ಎತ್ತಿಕೊಂಡರು. ಕೂಸುಗಳು ಅಳು ನಿಲ್ಲಿಸಿದವು.

ಇಂದುಧರ ಮಾಚವ್ವನನ್ನು ಸಿಂಹಾಸನದ ಪಕ್ಕ ಕೂರಿಸಿ, "ಏನು ಬೇಕು, ಅಕ್ಕ?" ಎಂದು ಕೇಳಿದ.

"ಹೊಳೆಯ ದಂಡೆಯ ಮೇಲೊಂದು ಮನೆ ಕಟ್ಟಿಸಿಕೊಡಿ, ಒಡೆಯಾ. ಅವರವರ ಪರಿಮಳ ಯಾವುದೆಂದು ನಾನು ಹೇಳುತ್ತೇನೆ. ಸೋಮಯ್ಯ ತಾತ ಕಾಯಿಸಿಕೊಡುತ್ತಾನೆ."

ಮನೆ ಎದ್ದಿತು. ದೂರದ ರಾಜ್ಯಗಳಿಂದ ಜನ ಬಂದರು. ಮಾಚವ್ವ ಅವರ ಉತ್ತರೀಯ ಮೂಸಿ, "ನಿಮಗೆ ಕಸ್ತೂರಿ ಬೇಡ, ಹುರಿದ ಎಳ್ಳು ಮತ್ತು ಬಕುಳ ಸಾಕು" ಎನ್ನುತ್ತಿದ್ದಳು. ಬಂದವರು ತಮ್ಮದೇ ಪರಿಮಳ ತೊಟ್ಟು, ಎದೆ ಎತ್ತಿ ನಡೆದು ಹೋಗುತ್ತಿದ್ದರು.

ಒಂದು ದಿನ ಅವಳು, "ತಾತ, ನನ್ನದು ಯಾವುದು? ನನಗೇ ಗೊತ್ತಾಗುವುದಿಲ್ಲ" ಎಂದಳು.

ಸೋಮಯ್ಯ ಏಳು ದಿನ ಒಲೆಯ ಮುಂದೆ ಕೂತು ಕಾಯಿಸಿದ. ಎಂಟನೆಯ ದಿನ ಬೆರಳಷ್ಟು ಕುಪ್ಪಿಯೊಂದನ್ನು ಅವಳ ಕೈಗಿಟ್ಟ. ಮಾಚವ್ವ ಮುಚ್ಚಳ ತೆಗೆದಳು. ಬಿಸಿಲಿಗೆ ಕಾದ ಒಗೆಯುವ ಕಲ್ಲು, ಹೊಳೆಯ ನೀರು, ಆಗಷ್ಟೇ ಒಣಗಿದ ಬಿಳಿಯ ಬಟ್ಟೆ. ಅವಳು ಅದನ್ನು ಮಣಿಕಟ್ಟಿಗೆ ಹಚ್ಚಿಕೊಂಡು ರಾಜಬೀದಿಯ ನಟ್ಟನಡುವೆ ನಡೆದಳು. ಕಿಟಕಿಗಳು ತೆರೆದವು, ಜನ ಒಬ್ಬರಿಗೊಬ್ಬರು "ನಮ್ಮ ಮಾಚವ್ವ ಬಂದಳು" ಎಂದರು. ಕೇದಗೆಪುರದವರು ಅಲ್ಲಿಂದ ಮುಂದೆ ನೂರು ವರ್ಷ, ಕಣ್ಣು ಮುಚ್ಚಿಯೂ ತಮ್ಮವರನ್ನು ಗುರುತು ಹಿಡಿಯುತ್ತ, ನೆಮ್ಮದಿಯಾಗಿ ಬಾಳಿದರು.