ಪೇರ್ಲ್ಯಾಂಡ್‌ನಿಂದ ಬಂದ ಕರೆ

ಕಾಲೇಜ್ ಪತ್ರಿಕೆಯ ಕೋಣೆಯಲ್ಲಿ ಇಶಾ ಬೋರಲಾಗಿ ಬಿದ್ದಿದ್ದಳು. ಕಿವಿಯ ಹಿಂದೆ ರಕ್ತ. ಅವಳ ಲ್ಯಾಪ್‌ಟಾಪ್ ಇರಲಿಲ್ಲ.

ಸೌಂದರ್ಯಾ ಪೊಲೀಸರಿಗೆ ಫೋನ್ ಮಾಡಿದಳು. ಉಸಿರಿತ್ತು, ಅಷ್ಟೇ ಸಮಾಧಾನ.

ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಇಬ್ಬರೂ ಪತ್ರಿಕೋದ್ಯಮ ಓದುತ್ತಿದ್ದರು. ಸೇರಿ ಒಂದು ವರದಿ ಮಾಡುತ್ತಿದ್ದರು. ಪಕ್ಕದ ಊರು ಕಾಪೆಲ್‌ನ ಹೋಟೆಲೊಂದರಲ್ಲಿ ಅಡುಗೆಯ ಪುಟ್ಟಣ್ಣನ ಪಾಸ್‌ಪೋರ್ಟ್ ಕಿತ್ತುಕೊಂಡು, ಕೂಡಿಹಾಕಿ ದುಡಿಸುತ್ತಿದ್ದರು. ಅವನು ಹೆದರುತ್ತಲೇ ಮಾತಾಡಿದ್ದ. ಇಶಾ ರೆಕಾರ್ಡ್ ಮಾಡಿದ್ದಳು. ಹೋಟೆಲಿನ ಮಾಲೀಕ ಚಿದಾನಂದ್, ಊರಿನ ಕನ್ನಡಿಗರಿಗೆಲ್ಲ ಬೇಕಾದ ಅಂಕಲ್.

* * *

ಆಂಬುಲೆನ್ಸ್ ಹೋಯಿತು. ಪೊಲೀಸ್ ಅಧಿಕಾರಿಣಿ ಸಹಪಾಠಿ ದುಷ್ಯಂತನನ್ನು ಹಿಡಿದು ಕೂರಿಸಿದ್ದಳು.

"ನಿನ್ನೆ ಇಶಾ ಜೊತೆ ಜಗಳ ಆಡಿದ್ದೆಯಂತೆ?"

"ಆಡಿದ್ದೆ. ಇವತ್ತು ಬೆಳಿಗ್ಗೆಯೆಲ್ಲ ಕಾಲೇಜ್ ರೇಡಿಯೋದಲ್ಲಿ ಲೈವ್ ಇದ್ದೆ. ಕೇಳಿ ನೋಡಿ."

ನಿಜವಾಗಿತ್ತು.

ಆಗ ಸೌಂದರ್ಯಾಳ ಫೋನ್ ಬಡಿದುಕೊಂಡಿತು. ಚಿದಾನಂದ್.

"ಏನಾತವ್ವಾ ಇಶಾಗ? ನಾ ಮುಂಜಾನಿಂದ ಪೇರ್ಲ್ಯಾಂಡಿನ ಗುಡಿಯೊಳಗ ಅದೀನಿ. ಈಗ ಸುದ್ದಿ ಬಂತು."

"ಆಸ್ಪತ್ರೆಗೆ ಕರ್ಕೊಂಡು ಹೋದ್ರು, ಅಂಕಲ್."

"ಅಲ್ಲಿ ನಿಲ್ಲಬ್ಯಾಡ. ಒಬ್ಬಾಕೇ ಮನಿಗೆ ಹೋಗಿಬಿಡು."

ಕಿಟಕಿಯಾಚೆ ಸೈರನ್ ಊಳಿಟ್ಟಿತು. ತಿಂಗಳ ಮೊದಲ ಬುಧವಾರ; ಸುಂಟರಗಾಳಿ ಸೈರನ್ನಿನ ಪರೀಕ್ಷೆ. ಹಿಂದೆಯೇ ಕಾಲೇಜಿನ ಧ್ವನಿವರ್ಧಕ: ಇದು ಪರೀಕ್ಷೆ ಮಾತ್ರ, ಯಾರೂ ಗಾಬರಿಯಾಗಬೇಡಿ.

ಅದೇ ಮಾತು ಫೋನಿನೊಳಗಿಂದಲೂ ಬಂತು.

ಸೌಂದರ್ಯಾ ಅಧಿಕಾರಿಣಿಯ ಹತ್ತಿರ ಸರಿದಳು. ಫೋನ್ ಎದೆಗೊತ್ತಿಕೊಂಡು ಪಿಸುಗುಟ್ಟಿದಳು. "ಹೋಟೆಲ್ ಮಾಲೀಕ ಇಲ್ಲೇ ಹೊರಗಿದ್ದಾನೆ."

ಮತ್ತೆ ಫೋನ್ ಕಿವಿಗಿಟ್ಟು, "ಸರಿ ಅಂಕಲ್, ಹೊರಡ್ತೀನಿ. ಬ್ಯಾಗ್ ತಗೋತಿದ್ದೀನಿ," ಎಂದಳು.

* * *

ಪಾರ್ಕಿಂಗ್‌ನಲ್ಲಿ, ಸೌಂದರ್ಯಾಳ ಕಾರಿನ ಪಕ್ಕದಲ್ಲೇ ಚಿದಾನಂದ್ ಪೊಲೀಸರಿಗೆ ಸಿಕ್ಕ. ಅವನ ಕಾರಿನ ಸೀಟಿನ ಕೆಳಗೆ ಇಶಾಳ ಲ್ಯಾಪ್‌ಟಾಪ್ ಇತ್ತು.

"ಹೇಗೆ ಗೊತ್ತಾಯ್ತು?" ಅಧಿಕಾರಿಣಿ ಕೇಳಿದಳು.

"ಪೇರ್ಲ್ಯಾಂಡ್ ಇರೋದು ಹ್ಯೂಸ್ಟನ್ ಹತ್ರ, ಇಲ್ಲಿಂದ ನಾಲ್ಕು ಗಂಟೆ ದಾರಿ. ನಮ್ಮ ಕಾಲೇಜಿನ ಮೈಕು ಅಲ್ಲಿಗೆ ಕೇಳಿಸಲ್ಲ. ಲ್ಯಾಪ್‌ಟಾಪ್‌ನಲ್ಲಿ ಅವನಿಗೆ ಪುಟ್ಟಣ್ಣನ ರೆಕಾರ್ಡಿಂಗ್ ಸಿಕ್ಕಿರಲ್ಲ. ಅದು ನನ್ನ ಹತ್ರ ಇರಬಹುದು ಅಂತ ಕಾಯ್ತಿದ್ದ."

ಸಂಜೆ ಇಶಾ ಕಣ್ಣು ಬಿಟ್ಟಳು. ಅವಳೂ ಅದೇ ಹೆಸರು ಹೇಳಿದಳು.

ಪೊಲೀಸರು ಹೋಟೆಲಿನ ಉಗ್ರಾಣದ ಬೀಗ ಒಡೆದು ಪುಟ್ಟಣ್ಣನನ್ನು ಕರೆತಂದರು. ಬಾಗಿಲ ಸದ್ದಾದರೆ ಅವನು ಇನ್ನೂ ಬೆಚ್ಚುತ್ತಿದ್ದ.

"ವರದಿಯಲ್ಲಿ ನಿಮ್ಮ ಹೆಸರು ಹಾಕಲ್ಲ," ಎಂದಳು ಸೌಂದರ್ಯಾ.



"ಹಾಕಮ್ಮ," ಎಂದ. "ನಾನಿಲ್ಲಿ ಇದ್ದೆ ಅಂತ ಯಾರಿಗಾದ್ರೂ ಗೊತ್ತಾಗ್ಲಿ."